ಕುಕ್ರಿ ತಂದವರು ಮೊದಲು ಅದರ ಬಾಯಿ ನೋಡಲಿ

ಮಾನ್ಯ ಸಂಪಾದಕರೇ,

ನೇಪಾಳ ಪ್ರವಾಸದ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಬರಹದಲ್ಲಿ ಕಠ್ಮಂಡುವಿನ ಥಮೇಲ್ ಪೇಟೆಯ, ಕುಕ್ರಿ ಎಂಬ ನೇಪಾಳಿ ಬಾಗು ಕತ್ತಿಯ ಅಂಗಡಿಗಳ ಪ್ರಸ್ತಾಪವಿತ್ತು. ಒರೆಯಿಂದ ಹಿರಿದ ಕುಕ್ರಿ ರಕ್ತ ನೋಡದೆ ಒಳಗೆ ಹೋಗಬಾರದು ಎಂಬ ಮಾತೂ ಅದರಲ್ಲಿತ್ತು. ಅದು ಹೊರಗಿನವರ ಬಾಯಲ್ಲಿ ಬೆಳೆದ ಕಥೆ. ನೇಪಾಳದ ಗುಡ್ಡಗಾಡಿನ ಮನೆಗಳಲ್ಲಿ ಕುಕ್ರಿ ದಿನಕ್ಕೆ ಹತ್ತಾರು ಸಲ ಒರೆಯಿಂದ ಹೊರಬರುತ್ತದೆ. ಸೌದೆ ಸೀಳುವುದು, ಮೇವು ಕೊಯ್ಯುವುದು, ಬಿದಿರು ಸವರುವುದು, ತರಕಾರಿ ಹೆಚ್ಚುವುದು, ದಶೈಂ ಹಬ್ಬದಲ್ಲಿ ಆಡು ಕಡಿಯುವುದು ಎಲ್ಲವೂ ಅದರಿಂದಲೇ. ಪ್ರತಿ ಸಲ ರಕ್ತ ಬೇಕೆಂದಿದ್ದರೆ ಆ ಮನೆಯವರ ಕೈಯಲ್ಲಿ ಬೆರಳು ಉಳಿಯುತ್ತಿರಲಿಲ್ಲ.

ಕಥೆಯಿಂದ ಹಾನಿಯಿಲ್ಲ, ಬಿಡಿ. ಹಾನಿ ಇರುವುದು ಕುಕ್ರಿ ತಂದವರು ಊರಿಗೆ ಬಂದು ಮಾಡುವ ‘ಪರೀಕ್ಷೆ’ಯಲ್ಲಿ. ಒಣ ತೆಂಗಿನಕಾಯಿಗೆ ಹೊಡೆಯುವುದು, ಮೂಳೆಗೆ ಹೊಡೆಯುವುದು, ಮೊಳೆ ಕತ್ತರಿಸಿ ವಿಡಿಯೊ ಮಾಡುವುದು. ಇವುಗಳಿಂದ ಅಲಗಿನ ಗುಣ ತಿಳಿಯುವುದಿಲ್ಲ. ಚೆನ್ನಾದ ಅಲಗೂ ಹಾಳಾಗುತ್ತದೆ, ಕೆಟ್ಟ ಅಲಗು ಕೂಡ ಒಮ್ಮೊಮ್ಮೆ ಪಾಸಾಗುತ್ತದೆ. ಕೈಯಲ್ಲಿ ಬಡಿದು ಮಾಡಿದ ಕುಕ್ರಿಯ ಬೆಲೆ ಇರುವುದು ಬಾಯಿಗೆ, ಅಂದರೆ ಕತ್ತರಿಸುವ ಅಂಚಿಗೆ, ಕಾಯಿಸಿ ಆರಿಸಿ ಕೊಟ್ಟ ಹದದಲ್ಲಿ. ಅದನ್ನು ತಿಳಿಯಲು ಒಂದು ಅರ, ಒಂದು ಹಿತ್ತಾಳೆ ಸರಳು, ಒಂದು ನಿಂಬೆಹಣ್ಣು, ಸ್ವಲ್ಪ ಸೀಮೆಎಣ್ಣೆ, ಒಂದೆರಡು ಹಸಿ ಕೊಂಬೆ ಸಾಕು.

ಪರೀಕ್ಷೆಗೆ ಮೊದಲು, ಕುಕ್ರಿ ಮಾಡುವ ರೀತಿ ಗೊತ್ತಿರಬೇಕು. ಪೂರ್ವ ನೇಪಾಳದ ಭೋಜಪುರ, ಧರಾನ್ ಕಡೆಯ ಕಾಮಿ ಸಮುದಾಯದ ಕಮ್ಮಾರರು ಬಳಸುವ ಉಕ್ಕು ಹೆಚ್ಚಿನ ಸಲ ಹಳೆ ಲಾರಿಯ ಸ್ಪ್ರಿಂಗ್ ಪ್ಲೇಟು. ಅದರಲ್ಲಿ ಇಂಗಾಲ ಸುಮಾರು ಶೇ 0.6. ಪೆಟ್ಟು ತಡೆಯುವುದಕ್ಕೆಂದೇ ತಯಾರಾದ ಉಕ್ಕು ಅದು, ಕಡಿಯುವ ಕತ್ತಿಗೆ ಹೇಳಿ ಮಾಡಿಸಿದ್ದು. ಅಲಗನ್ನು ಬಡಿದು ಆಕಾರ ಬಂದ ಮೇಲೆ ಕೆಂಪಗೆ ಕಾಯಿಸಿ ನೀರಿಗೆ ಪೂರಾ ಅದ್ದುವುದಿಲ್ಲ. ಚಹಾ ಕೆಟಲಿನಂಥ ಮೂತಿಯ ಪಾತ್ರೆಯಿಂದ ಬಾಯಿಯ ಉದ್ದಕ್ಕೂ ಸಣ್ಣ ಧಾರೆಯಾಗಿ ನೀರು ಬಿಡುತ್ತಾರೆ, ಹಿಂದೆ ಮುಂದೆ, ಹೊಟ್ಟೆಯ (ಅಲಗು ಅಗಲವಾಗಿ ಉಬ್ಬಿದ) ಭಾಗಕ್ಕೆ ಜಾಸ್ತಿ. ಬಾಯಿ ಥಟ್ಟನೆ ಆರಿ ಗಟ್ಟಿಯಾಗುತ್ತದೆ. ದಪ್ಪ ಬೆನ್ನಿನಲ್ಲಿ ಶಾಖ ಇನ್ನೂ ಉಳಿದಿರುತ್ತದೆ, ಅದು ನಿಧಾನವಾಗಿ ಬಾಯಿಯ ಕಡೆ ಹರಿದು ಪೆಡಸುತನ (ಸುಲಭವಾಗಿ ಮುರಿಯುವ ಗುಣ) ಇಳಿಸುತ್ತದೆ. ಹೀಗೆ ಒಂದೇ ಅಲಗಿನಲ್ಲಿ ಗಟ್ಟಿ ಬಾಯಿ, ಬಾಗಿದರೂ ಮುರಿಯದ ಮೆತ್ತನೆ ಬೆನ್ನು ಎರಡೂ ಸಿಗುತ್ತವೆ. ಚೆನ್ನಾಗಿ ಬಂದ ಅಲಗಿನಲ್ಲಿ ಹೊಟ್ಟೆಯ ಬಾಯಿ ಗಟ್ಟಿತನ ಅಳೆಯುವ ರಾಕ್‌ವೆಲ್ ಮಾಪಕದಲ್ಲಿ 55ರಿಂದ 58ರ ಆಸುಪಾಸು ಇರುತ್ತದೆ. ಬೆನ್ನು ಅದಕ್ಕಿಂತ ಬಹಳ ಕೆಳಗೆ. ಮೊನೆಯೂ ಹಿಡಿಯ ಹತ್ತಿರದ ಬಾಯಿಯೂ ಹೊಟ್ಟೆಗಿಂತ ಸ್ವಲ್ಪ ಮೆದು. ಇದು ದೋಷವಲ್ಲ, ಬೇಕೆಂದೇ ಮಾಡಿದ್ದು. ಇದು ತಿಳಿಯದವರು ಮೊನೆಯ ಹತ್ತಿರ ಅರ ಉಜ್ಜಿ ‘ಹದವೇ ಇಲ್ಲ’ ಎಂದು ಅಂಗಡಿಯವನನ್ನು ಬೈಯುತ್ತಾರೆ.

ತಂದ ದಿನ ಮಾಡಬೇಕಾದ ಮೊದಲ ಕೆಲಸ ಅಲಗಿಗೆ ಮೆತ್ತಿದ ಗ್ರೀಸು, ಎಣ್ಣೆ ತೆಗೆಯುವುದು. ಹಳೆ ಬಟ್ಟೆಗೆ ಸೀಮೆಎಣ್ಣೆ ಹಾಕಿ ಬೆನ್ನಿನ ಕಡೆಯಿಂದ ಒರೆಸಿ, ಬಾಯಿಯ ಉದ್ದಕ್ಕೆ ಕೈ ಎಳೆಯಬೇಡಿ. ಸೀಮೆಎಣ್ಣೆ ಈಗ ಸುಲಭವಾಗಿ ಸಿಗದು, ಪೇಂಟಿನ ಟರ್ಪೆಂಟೈನ್ ಆದರೂ ನಡೆಯುತ್ತದೆ. ನಂತರ ಹಿಡಿಯ ಕಡೆಯಿಂದ ಒಂದು ಕಣ್ಣು ಮುಚ್ಚಿ ಬೆನ್ನಿನ ಗೆರೆ ನೋಡಿ. ಅಲಗು ಪಕ್ಕಕ್ಕೆ ತಿರುಚಿದ್ದರೆ ಗೊತ್ತಾಗುತ್ತದೆ. ಕೈಕೆಲಸದಲ್ಲಿ ಒಂದೆರಡು ಮಿಲಿಮೀಟರ್ ಓರೆ ಸಾಮಾನ್ಯ, ಕಡಿತಕ್ಕೆ ಅಡ್ಡಿಯಿಲ್ಲ. ತಿರುಚು ಹೊಟ್ಟೆಯ ಜಾಗದಲ್ಲೇ ಇದ್ದರೆ ಪೆಟ್ಟು ಜಾರುತ್ತದೆ, ಅದನ್ನು ಕೊಳ್ಳಬಾರದು.

ಹತ್ತು ಇಂಚು ಅಲಗಿನ ಕುಕ್ರಿ ಒರೆ ಬಿಟ್ಟು ಐನೂರು, ಆರುನೂರು ಗ್ರಾಂ ತೂಗಿದರೆ ಕೆಲಸಕ್ಕೆ ಸರಿ. ಬೆನ್ನು ಹಿಡಿಯ ಹತ್ತಿರ ಎಂಟರಿಂದ ಹತ್ತು ಮಿಲಿಮೀಟರ್ ದಪ್ಪವಿದ್ದು ಮೊನೆಗೆ ಹೋಗುತ್ತಾ ತೆಳುವಾಗಬೇಕು. ಬುಡದಿಂದ ತುದಿಯವರೆಗೆ ಒಂದೇ ದಪ್ಪದ ಅಲಗು ಎಂದರೆ ತಗಡಿನಿಂದ ಕತ್ತರಿಸಿ ಉಜ್ಜಿದ್ದು, ಬಡಿದದ್ದಲ್ಲ ಎಂದು ಬಹುತೇಕ ಹೇಳಿಬಿಡಬಹುದು. ಭಾರ ಹೆಚ್ಚಾದಷ್ಟೂ ಒಳ್ಳೆಯದು ಎಂಬುದೂ ತಪ್ಪು. ಕುಕ್ರಿಯ ಕಡಿತ ಬರುವುದು ಭಾರ ಮುಂದಿರುವುದರಿಂದ. ಬೆನ್ನಿನ ಕೆಳಗೆ ಬೆರಳಿಟ್ಟು ತೂಗಿ ನೋಡಿದರೆ ಹಿಡಿಯಿಂದ ಎರಡು ಮೂರು ಇಂಚು ಮುಂದೆ ಸಮತೋಲ ಸಿಗಬೇಕು. ಕೈ ಹತ್ತಿರವೇ ಸಿಕ್ಕಿದರೆ ಅದು ಮೊಂಡು ಚಾಕುವಿನ ಹಾಗೆ ಬೀಳುತ್ತದೆ.

ಬಿರುಕು ಹುಡುಕುವುದಕ್ಕೆ ಹೆಚ್ಚು ಹೊತ್ತು ಕೊಡಿ. ನೀರು ಕೊಡುವ ವಿಧಾನದ ದೊಡ್ಡ ಅಪಾಯ ಇದೇ. ಎಣ್ಣೆಗಿಂತ ನೀರು ಬೇಗ ಶಾಖ ಎಳೆಯುತ್ತದೆ, ಉಕ್ಕು ಒಳಗೊಳಗೇ ಎಳೆದಾಡಿ ಬಾಯಿಗೆ ಅಡ್ಡವಾಗಿ ಕೂದಲಿನಷ್ಟು ಸಣ್ಣ ಸೀಳು ಬಿಡಬಹುದು. ಹೆಚ್ಚು ಕಾಣುವುದು ಎರಡು ಕಡೆ. ಒಂದು ಹೊಟ್ಟೆಯ ಬಾಯಿ, ಇನ್ನೊಂದು ಹಿಡಿಯ ಮುಂದೆ ಬಾಯಿ ಮುಗಿಯುವಲ್ಲಿ ಇರುವ ಕಚ್ಚು. ನೇಪಾಳಿಗರು ಕೌಡಿ ಎನ್ನುವ ಈ ಕಚ್ಚಿನ ಬಗ್ಗೆ ಶಿವನ ತ್ರಿಶೂಲ, ಗೋವಿನ ಗೊರಸು ಎಂದು ನೂರು ವಿವರಣೆ ಇವೆ. ಕಮ್ಮಾರನಿಗೆ ಮಾತ್ರ ಅದರ ಒಳಮೂಲೆ ಚೂಪಾಗಿರಬಾರದು ಎಂಬುದು ಮುಖ್ಯ. ಚೂಪು ಮೂಲೆಯಲ್ಲೇ ಬಿರುಕು ಹುಟ್ಟುವುದು. ಮೂಲೆ ದುಂಡಗಿದ್ದರೆ ಮಾಡಿದವನಿಗೆ ಕೆಲಸ ಗೊತ್ತು ಎಂದರ್ಥ.

ಪರೀಕ್ಷೆ ಹೀಗೆ. ಅಲಗಿಗೆ ಸೀಮೆಎಣ್ಣೆ ಹಚ್ಚಿ ಹದಿನೈದು ನಿಮಿಷ ಬಿಡಿ. ಒಣ ಬಟ್ಟೆಯಿಂದ ಪೂರ್ತಿ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ತೆಳ್ಳಗೆ ಉದುರಿಸಿ. ಬಿರುಕಿದ್ದರೆ ಒಳಗೆ ಇಳಿದಿದ್ದ ಎಣ್ಣೆ ನಿಧಾನವಾಗಿ ಮೇಲೆದ್ದು ಬಿಳಿ ಪುಡಿಯಲ್ಲಿ ಕಪ್ಪು ಗೆರೆ ಮೂಡಿಸುತ್ತದೆ. ಉಜ್ಜಿದ ಗೀರು ಹೀಗೆ ತೇವ ಎಳೆಯುವುದಿಲ್ಲ. ಬಾಯಿಗೆ ಅಡ್ಡವಾಗಿ ಬಿರುಕು ಸಿಕ್ಕರೆ ಆ ಕುಕ್ರಿ ಗೋಡೆಗೆ ತೂಗುಹಾಕುವುದಕ್ಕಷ್ಟೇ. ಅದರಿಂದ ಏನನ್ನೂ ಕಡಿಯಬೇಡಿ, ತುಂಡು ಹಾರಿ ಕಣ್ಣಿಗೆ ಬಿದ್ದೀತು.

ನಿಂಬೆಹಣ್ಣಿನ ಕೆಲಸ ಎರಡು. ಅಲಗಿಗೆ ಅರ್ಧ ಹೋಳು ಉಜ್ಜಿ ಹತ್ತು ನಿಮಿಷ ಬಿಟ್ಟರೆ ಇಂಗಾಲದ ಉಕ್ಕು ಬೂದು ಬಣ್ಣಕ್ಕೆ ತಿರುಗುತ್ತದೆ, ಸ್ಟೇನ್‌ಲೆಸ್ ತಿರುಗುವುದಿಲ್ಲ. ಆಯಸ್ಕಾಂತ ಹಿಡಿದು ನೋಡುವುದರಿಂದ ಉಪಯೋಗವಿಲ್ಲ, ಚಾಕುವಿನ ಸ್ಟೇನ್‌ಲೆಸ್ಸೂ ಅಂಟುತ್ತದೆ. ಇನ್ನೊಂದು ಕೆಲಸ ಸ್ವಲ್ಪ ಸೂಕ್ಷ್ಮ. ಕನ್ನಡಿಯಂತೆ ಹೊಳೆಯುವ ಅಲಗಾದರೆ ಬಾಯಿಯ ಪಕ್ಕವನ್ನು 600, ಆಮೇಲೆ 1000 ನಂಬರಿನ ವಾಟರ್ ಪೇಪರಿನಲ್ಲಿ (ನೀರು ಹಾಕಿ ಉಜ್ಜುವ ಮರಳು ಕಾಗದ) ಒಂದೇ ದಿಕ್ಕಿಗೆ ಉಜ್ಜಿ, ಸೋಪಿನಿಂದ ತೊಳೆದು, ನಿಂಬೆರಸ ಅಥವಾ ಬೆಚ್ಚಗಿನ ವಿನೆಗರ್ ಹತ್ತಿಯಲ್ಲಿ ಹಚ್ಚುತ್ತಾ ಹೋಗಿ. ನೀರು ಕುಡಿದ ಗಟ್ಟಿ ಭಾಗ ಒಂದು ಬಣ್ಣ, ಮೆದು ಭಾಗ ಇನ್ನೊಂದು ಬಣ್ಣ ತಾಳುತ್ತವೆ. ನಡುವೆ ಮೋಡದ ಅಂಚಿನಂತೆ ಒಂದು ಗೆರೆ. ಅದು ಹೊಟ್ಟೆಯಲ್ಲಿ ಬಾಯಿಯಿಂದ ಒಂದೆರಡು ಸೆಂಟಿಮೀಟರ್ ಮೇಲಕ್ಕೆ ಏರಿದ್ದರೆ ವರ್ಷಗಟ್ಟಲೆ ಮಸೆದರೂ ಗಟ್ಟಿ ಉಕ್ಕು ಮುಗಿಯುವುದಿಲ್ಲ. ಗೆರೆ ಬಾಯಿಗೆ ಅಂಟಿಕೊಂಡೇ ಓಡಿದ್ದರೆ ಅಷ್ಟೇ ಆಯುಷ್ಯ. ಗೆರೆಯೇ ಮೂಡದಿದ್ದರೆ ಹದವೇ ಇಲ್ಲ, ಅಥವಾ ಇಡೀ ಅಲಗು ಒಂದೇ ಹದಕ್ಕೆ ಬಂದಿದೆ. ಯಾವುದೆಂದು ಅರ ಹೇಳುತ್ತದೆ. ಮುಗಿದ ಮೇಲೆ ಅಡುಗೆ ಸೋಡಾ ಕಲಸಿದ ನೀರಿನಿಂದ ತೊಳೆದು, ಒಣಗಿಸಿ, ಎಣ್ಣೆ ಹಚ್ಚುವುದನ್ನು ಮರೆಯಬಾರದು. ಮರೆತರೆ ಬೆಳಿಗ್ಗೆ ಹೊತ್ತಿಗೆ ಕಿತ್ತಳೆ ಬಣ್ಣ.

ಅರದ ಪರೀಕ್ಷೆಗೆ ಹೊಸ, ನಯ ಹಲ್ಲಿನ ಅರವೇ ಬೇಕು. ಸವೆದ ಅರ ಎಲ್ಲದರ ಮೇಲೂ ಜಾರಿ ‘ಗಟ್ಟಿ’ ಎಂದು ಸುಳ್ಳು ಹೇಳುತ್ತದೆ. ಮೊದಲು ಬೆನ್ನಿನ ಮೇಲೆ ಹಗುರವಾಗಿ ಒಂದು ಎಳೆತ. ಅರ ಕಚ್ಚಿ ಪುಡಿ ಉದುರಬೇಕು, ಸದ್ದು ಮಂದ. ಆಮೇಲೆ ಅದೇ ಒತ್ತಡದಲ್ಲಿ ಬಾಯಿಯ ಪಕ್ಕ ಕೌಡಿಯ ಹತ್ತಿರ, ಹೊಟ್ಟೆಯಲ್ಲಿ, ಮೊನೆಯ ಹತ್ತಿರ ಒಂದೊಂದು ಎಳೆತ. ಹೊಟ್ಟೆಯಲ್ಲಿ ಅರ ಗಾಜಿನ ಮೇಲೆ ಎಳೆದ ಹಾಗೆ ಕಿರುಗುಟ್ಟಿ ಜಾರಬೇಕು, ಅಥವಾ ತೀರಾ ಸ್ವಲ್ಪ ಕಚ್ಚಬೇಕು. ಅರ ಉಕ್ಕಿಗಿಂತ ಗಟ್ಟಿ, ಹಾಗಾಗಿ ಒಂಚೂರೂ ಕಚ್ಚಬಾರದು ಎಂದು ಬಯಸುವುದೂ ಸರಿಯಲ್ಲ. ಅಷ್ಟು ಗಟ್ಟಿಯಾದ ಬಾಯಿ ಕಡಿಯುವಾಗ ಚಕ್ಕೆ ಏಳುತ್ತದೆ. ಬೆನ್ನಿಗೂ ಹೊಟ್ಟೆಗೂ ಕೈಗೆ ತಿಳಿಯುವಷ್ಟು ಅಂತರ ಇರಬೇಕು, ನೋಡಬೇಕಾದದ್ದು ಅದನ್ನೇ.

ಇಷ್ಟಾದ ಮೇಲೆ ಬಾಯಿಯನ್ನು ಒಮ್ಮೆ ಮಸೆಯಬೇಕು. ಅಂಗಡಿಯಿಂದ ಬಂದ ಬಾಯಿಯ ಮೇಲೆ ತೀರ್ಪು ಕೊಡಬಾರದು. ಈಚೆಗೆ ಕೊನೆಯ ಉಜ್ಜುವಿಕೆ ಎಲ್ಲ ವಿದ್ಯುತ್ ಚಕ್ರದಲ್ಲೇ. ತೆಳ್ಳನೆ ಬಾಯಿ ಚಕ್ರಕ್ಕೆ ತಾಗಿ ಕ್ಷಣದಲ್ಲಿ ಕಾಯುತ್ತದೆ. ಉಕ್ಕು ಸುಮಾರು 220 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹುಲ್ಲಿನ ಹಳದಿ, 300ರ ಹತ್ತಿರ ನೀಲಿ. ನೀಲಿ ಕಂಡಲ್ಲಿ ಹದ ಇಳಿದಿದೆ. ಪಾಲಿಶ್ ಮಾಡುವಾಗ ಆ ನೀಲಿ ಅಳಿಸಿಹೋಗಿರುತ್ತದೆ, ಮೆದು ಉಕ್ಕು ಅಲ್ಲೇ ಉಳಿದಿರುತ್ತದೆ. ಒಂದು ಮಿಲಿಮೀಟರಿನಷ್ಟು ಮಸೆದು ತೆಗೆದ ಮೇಲೆ ಕೆಳಗೆ ಒಳ್ಳೆಯ ಉಕ್ಕು ಸಿಗುವುದುಂಟು.

ಕುಕ್ರಿಯ ಬಾಯಿ ಒಳಕ್ಕೆ ಬಾಗಿರುವುದರಿಂದ ಅಗಲ ಮಸೆಗಲ್ಲು ಮೂಲೆಗೆ ತಲುಪದು. ಒಂದು ಇಂಚಿನ ಪೈಪಿಗೆ 400 ನಂಬರ್ ವಾಟರ್ ಪೇಪರ್ ಸುತ್ತಿ, ಅಲಗನ್ನು ಬೆಂಚಿನ ಅಂಚಿಗೆ ಒತ್ತಿ ಹಿಡಿದು, ಪೇಪರನ್ನು ಬೆನ್ನಿನಿಂದ ಬಾಯಿಯ ಕಡೆಗೇ ಎಳೆಯಿರಿ. ಬಾಯಿಯಿಂದ ಬೆನ್ನಿನ ಕಡೆಗೆ ದೂಡಿದರೆ ಪೇಪರು ಹರಿದು ಬೆರಳು ಬಾಯಿಗೆ ಹೋಗುತ್ತದೆ. ಪ್ರತಿ ಪಕ್ಕಕ್ಕೆ ಸುಮಾರು ಇಪ್ಪತ್ತು ಡಿಗ್ರಿ ಓರೆ, ಅದೂ ಚಪ್ಪಟೆಯಾಗದೆ ಸ್ವಲ್ಪ ಉಬ್ಬಿರಲಿ. ಉಬ್ಬಿದ ಬಾಯಿ ಮರವನ್ನು ಸೀಳಿ ಪಕ್ಕಕ್ಕೆ ತಳ್ಳುತ್ತದೆ, ಸಿಕ್ಕಿಕೊಳ್ಳುವುದಿಲ್ಲ. ಒರೆಯ ಹಿಂದಿನ ಕಿಸೆಯಲ್ಲಿ ಬರುವ ಎರಡು ಸಣ್ಣ ತುಂಡುಗಳಲ್ಲಿ ಕರ್ದ ಸಣ್ಣ ಚಾಕು. ಚಕ್‌ಮಕ್ ಹರಿತವಿಲ್ಲದ ಉಕ್ಕಿನ ಕಡ್ಡಿ, ಮಡಿಚಿದ ಬಾಯಿಯನ್ನು ನೇರ ಮಾಡುವುದಕ್ಕೂ ಕಲ್ಲಿಗೆ ಹೊಡೆದು ಕಿಡಿ ಹಾರಿಸುವುದಕ್ಕೂ ಇರುವುದು. ಅದು ಮಸೆಗಲ್ಲಿನ ಕೆಲಸ ಮಾಡುವುದಿಲ್ಲ. ಪ್ರವಾಸಿ ಅಂಗಡಿಗಳ ಚಕ್‌ಮಕ್‌ಗೆ ಹೆಚ್ಚಿನ ಸಲ ಹದವೇ ಇರುವುದಿಲ್ಲ, ಕಿಡಿಯೂ ಬಾರದು.

ಹಿತ್ತಾಳೆ ಸರಳಿನ ಪರೀಕ್ಷೆ ನಿರ್ಣಾಯಕ. ಆರು ಮಿಲಿಮೀಟರ್ ದಪ್ಪದ ಸರಳನ್ನು ವೈಸಿನಲ್ಲಿ ಅಡ್ಡ ಬಿಗಿಯಿರಿ. ಮಸೆದ ಬಾಯಿಯ ಪಕ್ಕವನ್ನು ಅದರ ಮೇಲೆ ಮಸೆದ ಓರೆಯಲ್ಲೇ ಇಟ್ಟು, ಬೆಳಕಿಗೆ ಹಿಡಿದು, ಬಾಯಿ ಕಣ್ಣಿಗೆ ಕಾಣುವಷ್ಟು ಸ್ವಲ್ಪ ಬಾಗುವವರೆಗೆ ಒತ್ತಿ, ನಿಧಾನವಾಗಿ ಎಳೆಯಿರಿ. ಬಾಗಿದ ಬಾಯಿ ಸರಳು ದಾಟಿದೊಡನೆ ನೇರವಾದರೆ ಹದ ಸರಿ. ಬಾಗಿದ್ದು ಬಾಗಿಯೇ ಉಳಿದರೆ ಮೆದು. ಚಿಟ್ಟೆಂದು ಕಣ ಉದುರಿದರೆ ಪೆಡಸು. ಹೊಟ್ಟೆಯಲ್ಲೇ ಮೂರು ನಾಲ್ಕು ಕಡೆ ನೋಡಿ. ಕೆಟಲಿನ ಧಾರೆ ಒಂದು ಕಡೆ ತಪ್ಪಿದ್ದರೆ ಬೆರಳಗಲ ಮೆದು ಜಾಗ ಹೀಗೇ ಸಿಗುವುದು. ಕುಕ್ರಿಯ ಬಾಯಿ ದಪ್ಪವೆಂದು ಬಾಗದೇ ಇದ್ದರೆ ಇನ್ನೂ ತೆಳ್ಳಗೆ ಮಸೆಯಬೇಕು ಅಷ್ಟೇ. ಬಲವಂತ ಬೇಡ.

ಕಡಿದು ನೋಡುವುದು ಕೊನೆಯಲ್ಲಿ. ಕೊಡಗು, ಮಲೆನಾಡಿನವರಿಗೆ ಹಾಲುವಾಣದ ಹಸಿ ಕೊಂಬೆ ಒಳ್ಳೆಯ ಆರಂಭ, ತೀರಾ ಮೆದು. ನಂತರ ಸಿಲ್ವರ್ ಓಕ್, ಕೊನೆಗೆ ಒಣ ಬಿದಿರು. ಒಣ ಬಿದಿರಿನ ಸಿಪ್ಪೆಯಲ್ಲಿ ಮರಳಿನ ಅಂಶವಿದೆ, ಮೆದು ಬಾಯಿಯನ್ನು ಬೇಗ ಬಯಲು ಮಾಡುತ್ತದೆ. ಗಂಟಿಗೆ ಹೊಡೆಯಬೇಡಿ. ಮೊನೆಯಿಂದ ಮೂರು ನಾಲ್ಕು ಇಂಚು ಹಿಂದೆ, ಹೊಟ್ಟೆ ಅಗಲವಾಗಿರುವಲ್ಲಿ ಪೆಟ್ಟು ಬೀಳಲಿ. ಅಲ್ಲಿ ಬಿದ್ದ ಪೆಟ್ಟು ಕೈಗೆ ನಡುಕ ತರುವುದಿಲ್ಲ. ಮರಕ್ಕೆ ನೇರ ಅಡ್ಡ ಹೊಡೆಯದೆ ನಲವತ್ತೈದು ಡಿಗ್ರಿ ಓರೆಯಲ್ಲಿ ಹೊಡೆಯಿರಿ, ಎರಡೂ ಕಡೆಯಿಂದ. ಸಿಕ್ಕಿಕೊಂಡರೆ ಪಕ್ಕಕ್ಕೆ ತಿರುಚಿ ಕೀಳುವುದೇ ಬಾಯಿ ಮುರಿಯುವುದಕ್ಕೆ ಮೊದಲ ಕಾರಣ. ಬೆನ್ನಿನ ಗೆರೆಯಲ್ಲೇ ಮೇಲೆ ಕೆಳಗೆ ಆಡಿಸಿ ಬಿಡಿಸಿ. ಕಾಲು ಪೆಟ್ಟಿನ ದಾರಿಯಲ್ಲಿ ಇರಬಾರದು, ಕಣ್ಣಿಗೆ ಕನ್ನಡಕ ಇರಲಿ, ಅಲಗಿನ ನೇರದಲ್ಲಿ ಯಾರೂ ನಿಂತಿರಬಾರದು.

ಮೂವತ್ತು ನಲವತ್ತು ಪೆಟ್ಟಿನ ಮೇಲೆ ಬಾಯಿ ಮೇಲೆ ಮಾಡಿ ಟ್ಯೂಬ್‌ಲೈಟಿನ ಕೆಳಗೆ ಹಿಡಿಯಿರಿ. ಹರಿತ ಬಾಯಿ ಬೆಳಕು ಹಿಂದಿರುಗಿಸುವುದಿಲ್ಲ, ಅಲ್ಲಿ ಏನೂ ಕಾಣುವುದಿಲ್ಲ. ಬಿಳಿ ಗೆರೆ ಕಂಡರೆ ಅಲ್ಲಿ ಮೊಂಡಾಗಿದೆ, ಬಿಳಿ ಚುಕ್ಕೆ ಕಂಡರೆ ಮಡಿಚಿದೆ ಅಥವಾ ಚಕ್ಕೆ ಹೋಗಿದೆ. ಎರಡರ ವ್ಯತ್ಯಾಸಕ್ಕೆ ಉಗುರು ಸಾಕು. ಬೆನ್ನಿನ ಕಡೆಯಿಂದ ಬಾಯಿಯ ಆಚೆಗೆ ಉಗುರು ಜಾರಿಸಿದಾಗ ಒಂದು ಪಕ್ಕದಲ್ಲಿ ಮಾತ್ರ ತಡೆದರೆ ಮಡಿಚಿದೆ. ಚಕ್‌ಮಕ್‌ನಿಂದಲೋ ಸ್ಕ್ರೂಡ್ರೈವರಿನ ನಯವಾದ ಕಡ್ಡಿಯಿಂದಲೋ ಉಜ್ಜಿದರೆ ಸರಿಹೋಗುತ್ತದೆ. ಎರಡೂ ಪಕ್ಕ ಹಳ್ಳ ಸಿಕ್ಕರೆ ಚಕ್ಕೆ. ನಂತರ ಹಳೆ ಪತ್ರಿಕೆಯ ಹಾಳೆ ಕತ್ತರಿಸಿ ನೋಡಿ (ನಿಮ್ಮದೇ ಆದರೂ ಬೇಸರ ಬೇಡ, ಸಂಪಾದಕರೇ). ಹೊಟ್ಟೆ ಇನ್ನೂ ಹಾಳೆಯನ್ನು ಹರಿಯದೆ ಕತ್ತರಿಸಿದರೆ ಕೊಟ್ಟ ಹಣಕ್ಕೆ ಮೋಸವಿಲ್ಲ. ಮೊನೆಯ ಹತ್ತಿರ ಅಥವಾ ಕೌಡಿಯ ಹತ್ತಿರ ಸ್ವಲ್ಪ ಮಡಿಚಿದ್ದರೆ ಲೆಕ್ಕಕ್ಕೆ ತೆಗೆದುಕೊಳ್ಳಬೇಕಿಲ್ಲ. ಹೊಟ್ಟೆಯಲ್ಲಿ ಚಕ್ಕೆ ಎದ್ದರೆ ಒಂದು ಮಿಲಿಮೀಟರ್ ಮಸೆದು ಮತ್ತೆ ನೋಡಿ. ಮತ್ತೂ ಎದ್ದರೆ ಪೆಡಸು ಇಳಿಸಬೇಕು. ಅದಕ್ಕೆ ಹಿಡಿ ಬಿಚ್ಚಿ 200 ಡಿಗ್ರಿಯ ಆಸುಪಾಸು ಕಾಯಿಸಬೇಕಾಗುತ್ತದೆ, ಕಮ್ಮಾರನಿಗೇ ಕೊಡಿ. ಹಿಡಿಯ ಸಮೇತ ಅಡುಗೆಮನೆಯ ಓವನ್ನಿಗೆ ಇಟ್ಟರೆ ಕೊಂಬು ಸುಟ್ಟು ನಾರುತ್ತದೆ, ಒಳಗಿನ ಅಂಟು ಕರಗಿ ಹರಿಯುತ್ತದೆ.

ಆ ಅಂಟಿನ ಹೆಸರು ಲಾಹಾ, ಒಂದು ರಾಳ. ಸಾಂಪ್ರದಾಯಿಕ ಕುಕ್ರಿಯಲ್ಲಿ ಅಲಗಿನ ಬಾಲ ತೆಳ್ಳಗಾಗಿ ಹಿಡಿಯ ಒಳಗೆ ತೂರಿ, ಕೊನೆಯಲ್ಲಿ ಹಿತ್ತಾಳೆ ಬಿಲ್ಲೆಯ ಮೇಲೆ ಬಡಿದು ಕೂರಿಸಿರುತ್ತದೆ. ಸುತ್ತಲಿನ ಸಂದಿಗೆ ಲಾಹಾ. ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಬಿಟ್ಟರೆ ಅದು ಮೆತ್ತಗಾಗಿ ಹಿಡಿ ಅಲುಗಾಡುತ್ತದೆ. ಒಂದು ಕೈಯಲ್ಲಿ ಹಿಡಿ, ಒರೆಯೊಳಗಿನ ಅಲಗನ್ನು ಇನ್ನೊಂದು ಕೈಯಲ್ಲಿ ಹಿಡಿದು ತಿರುಚಿ ನೋಡಿದರೆ ಟಕ್ ಎನ್ನಬಾರದು. ಕೊಂಬಿನ ಹಿಡಿ ಒಣ ಹವೆಗೆ ಕುಗ್ಗಿ ಹಿತ್ತಾಳೆಯ ಪಟ್ಟಿಯ ಹತ್ತಿರ ಕೂದಲೆಳೆಯ ಸಂದಿ ಬಿಡುವುದು ಸಹಜ. ಹಿಡಿಯ ನಡುವೆ ಉಬ್ಬಿದ ಉಂಗುರ ಅಂಗೈಗೆ ಬೊಬ್ಬೆ ತರಿಸಿದರೆ ಸಣ್ಣ ಪೇಪರಿನಲ್ಲಿ ಉಜ್ಜಿ ತಗ್ಗಿಸಬಹುದು, ಸಂಪ್ರದಾಯ ಮುರಿಯಿತೆಂದು ಯಾರೂ ಬರುವುದಿಲ್ಲ. ಪೂರ್ತಿ ಅಗಲದ ಬಾಲಕ್ಕೆ ಎರಡು ಹೋಳು ಹಿಡಿ ಹಾಕಿ ಮೊಳೆ ಬಡಿದ ಮಾದರಿಯೂ ಇದೆ. ಗಟ್ಟಿ, ಆದರೆ ಭಾರ ಹಿಂದಕ್ಕೆ ಬರುತ್ತದೆ.

ಗಾಯ ಆಗುವುದು ಕಡಿಯುವಾಗ ಮಾತ್ರ ಅಲ್ಲ, ಒರೆಯಿಂದ ಹಿರಿಯುವಾಗಲೂ. ಕೊಡಗಿನ ಒಡಿಕತ್ತಿಗೆ ಒರೆಯೇ ಇಲ್ಲ, ಬೆನ್ನ ಮೇಲಿನ ತೊಡಂಗ್ ಎಂಬ ಲೋಹದ ಕೊಕ್ಕೆಗೆ ಸಿಕ್ಕಿಸುವುದು. ಕುಕ್ರಿಗೆ ಎರಡು ಮರದ ಹೋಳುಗಳನ್ನು ಕೂಡಿಸಿ ಎಮ್ಮೆ ಚರ್ಮ ಹೊದಿಸಿದ ಒರೆ. ಆ ಕೂಡುವ ಜಾಗ ಸರಿಯಾಗಿ ಬಾಯಿಯ ಕಡೆಗೇ ಬರುತ್ತದೆ. ಒರೆಯನ್ನು ಮುಷ್ಟಿಯಲ್ಲಿ ಸುತ್ತಿ ಹಿಡಿದು ಎಳೆದರೆ ಬಾಯಿ ಸಂದಿ ಸೀಳಿ ನಾಲ್ಕು ಬೆರಳಿಗೂ ತಾಗುತ್ತದೆ. ಒರೆಯ ಎರಡು ಅಗಲ ಪಕ್ಕಗಳನ್ನು ಮಾತ್ರ ಹೆಬ್ಬೆರಳು ಮತ್ತು ಬೆರಳುಗಳ ನಡುವೆ ಹಿಡಿದು, ಬೆನ್ನನ್ನು ಒರೆಗೆ ಒತ್ತಿಕೊಂಡೇ, ಅಲಗಿನ ಬಾಗಿಗೆ ಸರಿಯಾಗಿ ಕಮಾನಿನಲ್ಲಿ ಎಳೆಯಬೇಕು. ಒಳಗೆ ಹಾಕುವಾಗಲೂ ಹಾಗೇ.

ವರ್ಷಗಟ್ಟಲೆ ಒರೆಯಲ್ಲೇ ಇಡಬಾರದು. ಚರ್ಮ ತೇವ ಹೀರುತ್ತದೆ, ಮಂಗಳೂರು, ಆಗುಂಬೆಯ ಮಳೆಗಾಲದಲ್ಲಿ ಒಂದು ವಾರ ಸಾಕು ತುಕ್ಕಿಗೆ. ಅಲಗಿಗೆ ಹೊಲಿಗೆ ಯಂತ್ರದ ಎಣ್ಣೆ ಹಚ್ಚಿ ಬಟ್ಟೆಯಲ್ಲಿ ಸುತ್ತಿ ಬೇರೆ ಇಡಿ, ಒರೆ ಬೇರೆ. ನೇಪಾಳದಲ್ಲಿ ಸಾಸಿವೆ ಎಣ್ಣೆ ಹಚ್ಚುತ್ತಾರೆ, ದಿನವೂ ಬಳಸುವ ಕತ್ತಿಗೆ ಅದು ಸರಿ. ಬಿಟ್ಟಿಟ್ಟರೆ ಜಿಗುಟಾಗುತ್ತದೆ. ಆಯುಧಪೂಜೆ, ಕೈಲ್‌ಪೋಳ್ದ್‌ಗೆ ನೀರಿನಲ್ಲಿ ಕಲಸಿದ ಕುಂಕುಮ ಹಚ್ಚಿ ಹಾಗೇ ಬಿಟ್ಟರೆ ಅದರಡಿ ಚುಕ್ಕೆ ಚುಕ್ಕೆ ತುಕ್ಕು ಕೊರೆಯುತ್ತದೆ. ಎಣ್ಣೆ ಹಚ್ಚಿದ ಮೇಲೆ ಬೊಟ್ಟಿಡಿ, ಮರುದಿನ ಒರೆಸಿ.

ಕಾನೂನಿನ ಒಂದು ಮಾತು ನಿಮ್ಮ ಬರಹದಲ್ಲಿ ಬಿಟ್ಟುಹೋಗಿತ್ತು. 1959ರ ಶಸ್ತ್ರಾಸ್ತ್ರ ಕಾಯ್ದೆಯಡಿಯ ನಿಯಮಗಳು ಒಂಬತ್ತು ಇಂಚಿಗಿಂತ ಉದ್ದದ ಅಥವಾ ಎರಡು ಇಂಚಿಗಿಂತ ಅಗಲದ ಹರಿತ ಅಲಗುಗಳನ್ನು ಆಯುಧದ ಪಟ್ಟಿಯಲ್ಲಿ ಇಟ್ಟಿವೆ. ಮನೆ, ಕೃಷಿ ಕೆಲಸಕ್ಕೆಂದೇ ರೂಪಿಸಿದವು ಇದಕ್ಕೆ ಹೊರತು. ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ಸರ್ಕಾರ ಅಧಿಸೂಚನೆ ಹೊರಡಿಸಿದ ಪ್ರದೇಶದಲ್ಲಿ ಇಂಥವಕ್ಕೆ ಪರವಾನಗಿ ಬೇಕು. ಹತ್ತು ಇಂಚಿನ ಕುಕ್ರಿ ತರುವವರು ಖರೀದಿ ರಸೀದಿ ಇಟ್ಟುಕೊಂಡು, ತಮ್ಮ ಊರಿಗೆ ಅಂಥ ಅಧಿಸೂಚನೆ ಇದೆಯೇ ಎಂದು ಪೊಲೀಸ್ ಠಾಣೆಯಲ್ಲಿ ಮೊದಲೇ ಕೇಳುವುದು ಒಳ್ಳೆಯದು. ವಿಮಾನದಲ್ಲಿ ಕೈಚೀಲದೊಳಗೆ ಬಿಡುವುದಿಲ್ಲ. ಒರೆಯ ಬಾಯಿಗೆ ರಟ್ಟು ಸುತ್ತಿ, ಟೇಪು ಬಿಗಿದು, ಚೆಕ್-ಇನ್ ಪೆಟ್ಟಿಗೆಯ ನಡುವೆ ಬಟ್ಟೆಗಳ ಮಧ್ಯೆ ಇಡಬೇಕು.

ಇತಿ,
ನಿಮ್ಮ ಓದುಗ, ಮಡಿಕೇರಿ